ಕ್ಯಾಮೆರಾದ ಎದುರು ನಿಂತ ಬೆಳೆಗಾರ



ಗೊಬ್ಬರ ಮಾರುವವರೂ ಔಷಧಿ ಮಾರುವವರೂ ತೋಟಕ್ಕೆ ಬರುವುದು ಹೊಸತೇನಲ್ಲ. ಈಗ ಅವರ ಬೆನ್ನ ಹಿಂದೆ ಕ್ಯಾಮೆರಾ ಹೊತ್ತವರೂ ಬರತೊಡಗಿದ್ದಾರೆ. ಸಿನಿಮಾ ನಟ ಗೊಬ್ಬರವನ್ನು ಹೊಗಳಿದರೆ ಜನ ನಕ್ಕು ಸುಮ್ಮನಾಗುತ್ತಾರೆ. ಕಾಲಿಗೆ ಮಣ್ಣು ಮೆತ್ತಿಕೊಂಡ ಬೆಳೆಗಾರ ಹೇಳಿದರೆ ನಂಬುತ್ತಾರೆ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಎಂದೂ ಬಣ್ಣ ಹಚ್ಚದವನೊಬ್ಬ ಜಾಹೀರಾತಿಗೆ ನಿಂತಾಗ ಏನೇನಾಗುತ್ತದೆಂಬುದನ್ನು ಸದಸ್ಯರಿಗೆ ತಿಳಿಸುವುದು ಉಚಿತವೆಂದು ತೋರಿದ್ದರಿಂದ ಈ ಬರಹ.

ಹೀಗೆ ನಿಂತವರಲ್ಲಿ ದೇಶಕ್ಕೆಲ್ಲ ಪರಿಚಿತರಾದವರು ಎಂ.ಡಿ.ಎಚ್. ಮಸಾಲೆಯ ಧರಮ್‌ಪಾಲ್ ಗುಲಾಟಿಯವರು. 1923ರಲ್ಲಿ ಸಿಯಾಲ್‌ಕೋಟೆಯಲ್ಲಿ ಹುಟ್ಟಿ, 1947ರ ವಿಭಜನೆಯಲ್ಲಿ ನಿರಾಶ್ರಿತರಾಗಿ ದಿಲ್ಲಿಗೆ ಬಂದು, 650 ರೂಪಾಯಿಗೆ ಟಾಂಗಾ ಕೊಂಡು ಸವಾರಿ ಹೊಡೆದು, ಅದು ಕೈಹಿಡಿಯದೆ ಮಾರಿ, ಕರೋಲ್‌ಬಾಗಿನಲ್ಲಿ ಮಸಾಲೆಯ ಚಿಕ್ಕ ಅಂಗಡಿ ಇಟ್ಟವರು. ಒಮ್ಮೆ ಅವರ ಮಸಾಲೆಯ ಜಾಹೀರಾತಿಗೆ ಚಿತ್ರೀಕರಣ ನಡೆದಿತ್ತು. ಮದುಮಗಳ ತಂದೆಯ ಪಾತ್ರಕ್ಕೆ ಗೊತ್ತುಮಾಡಿದ್ದ ನಟ ಬರಲೇ ಇಲ್ಲ. ನೀವೇ ನಿಲ್ಲಿ ಎಂದರು ನಿರ್ದೇಶಕರು. ಸ್ವಲ್ಪ ಹಣ ಉಳಿಯುತ್ತದಲ್ಲ ಎಂದುಕೊಂಡು ಒಪ್ಪಿದೆ ಎಂದು ಗುಲಾಟಿಯವರೇ ಮುಂದೆ ಹೇಳಿಕೊಂಡಿದ್ದಾರೆ. ಅಲ್ಲಿಂದ ಮುಂದೆ ಆ ಪೇಟ, ಆ ಬಿಳಿ ಮೀಸೆ, ಮುತ್ತಿನ ಸರ ಪರದೆಯ ಮೇಲಿಂದ ಇಳಿಯಲಿಲ್ಲ. 2020ರ ಡಿಸೆಂಬರ್ 3ರಂದು ಅವರು ತೀರಿಕೊಂಡಾಗ 97 ವರ್ಷ. ನಟನೆಯ ದೃಷ್ಟಿಯಿಂದ ನೋಡಿದರೆ ಅವರದು ದೊಡ್ಡ ನಟನೆಯೇನಲ್ಲ. ಆದರೆ ಪುಡಿ ಮಾಡಿದವನೇ ಪುಡಿಯ ಪಕ್ಕದಲ್ಲಿ ನಿಂತಿದ್ದಾನೆ ಎಂಬುದು ನೋಡುವವರಿಗೆ ಸಾಕಾಯಿತು.

ನಮ್ಮ ನಾಡಿನಲ್ಲಿ ಸಹಕಾರಿಗಳು ಮರೆಯಬಾರದ ನಿದರ್ಶನವೆಂದರೆ ಡಾ. ರಾಜಕುಮಾರ್ ಅವರದು. ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ ಅವರು ಹಾಲು ಉತ್ಪಾದಕರ ನಂದಿನಿಗೆ ಸಂಭಾವನೆ ಪಡೆಯದೆ ಮುಖ ಕೊಟ್ಟರು. ಮಗ ಪುನೀತ್ ಕೂಡ ಅದೇ ದಾರಿ ಹಿಡಿದರು. ಅವರು ಹವ್ಯಾಸಿಗಳಲ್ಲ, ಸರಿ. ಆದರೂ ಮುಖಕ್ಕೊಂದು ಬೆಲೆಯಿದೆ, ಅದನ್ನು ಯಾರಿಗೆ ಕೊಡಬೇಕೆಂದು ಮುಖದ ಒಡೆಯನೇ ತೀರ್ಮಾನಿಸಬೇಕು ಎಂಬುದು ಅವರಿಗೆ ತಿಳಿದಿತ್ತು.

ಇನ್ನು ನಮ್ಮ ಅನುಭವ. ಹರಪನಹಳ್ಳಿ ಸೀಮೆಯೆಂದರೆ ಜೋಳ, ಶೇಂಗಾ, ಮೆಕ್ಕೆಜೋಳದ ಸೀಮೆ. ಅಡಿಕೆ ಇಲ್ಲಿಗೆ ತಡವಾಗಿ ಬಂದದ್ದು, ಕೊಳವೆಬಾವಿಯ ನೀರನ್ನು ನೆಚ್ಚಿಕೊಂಡು. ಬಿಸಿಲಿನ ಊರಿನಲ್ಲಿ ಹಸಿರು ತೋಟ ಕಂಡರೆ ಕ್ಯಾಮೆರಾದವರಿಗೂ ಆಸೆ. ಪೋಷಕಾಂಶದ ಪುಡಿಯೊಂದನ್ನು ಮಾರುವವರು ಕಳೆದ ಹಂಗಾಮಿನಲ್ಲಿ ಬಂದು, ಎರಡು ತಿಂಗಳಿಂದ ನಾವು ಅದನ್ನು ಬಳಸುತ್ತಿದ್ದುದರಿಂದ, ಎರಡು ಮಾತು ಹೇಳಿ ಎಂದರು. ಒಪ್ಪಿದೆವು.

ಬಿಳಿ ಅಂಗಿ ಹಾಕಿಕೊಂಡು ಹೋದರೆ ಬೇಡವೆಂದರು. ಬಿಸಿಲಿಗೆ ಬಿಳಿ ಬಣ್ಣ ಹೊಳೆದು ಮುಖ ಕಪ್ಪಾಗುತ್ತದಂತೆ. ಬೆವರು ಮಿಂಚದಿರಲೆಂದು ಹಣೆಗೆ ಪೌಡರು. ಅಂಗಿಯೊಳಗೆ ಕಡಲೆಕಾಳಿನಷ್ಟು ಮೈಕು. ಪಕ್ಕದ ಹೊಲದಲ್ಲಿ ಟ್ರ್ಯಾಕ್ಟರ್ ಸದ್ದು ಬಂದಾಗಲೆಲ್ಲ ನಿಲ್ಲಿಸಿದರು. ಒಮ್ಮೆ ಶಲ್ಯ ಬಲ ಹೆಗಲಿನಿಂದ ಎಡಕ್ಕೆ ಜಾರಿತ್ತು. ಮೊದಲಿನ ದೃಶ್ಯಕ್ಕೆ ಹೊಂದುವುದಿಲ್ಲವೆಂದು ಮತ್ತೆ ಮೊದಲಿನಿಂದ. ಅರ್ಧ ನಿಮಿಷದ ಚಿತ್ರಕ್ಕೆ ಬೆಳಗಿನ ನಾಲ್ಕು ತಾಸು ಹೋಯಿತು. ಅದರಲ್ಲಿ ಮೂರು ತಾಸು ಸುಮ್ಮನೆ ನಿಂತದ್ದು.

ಎಲ್ಲಕ್ಕಿಂತ ತೊಡಕಾದದ್ದು ನಮ್ಮ ದನಿ. ನಮ್ಮ ಕಡೆಯವರ ಕಣ್ಣಿಗೆ ಕಟ್ಟಿದ ಅಭಿನಯವೆಂದರೆ ದೊಡ್ಡಾಟ, ಬಯಲಾಟ. ಕೊನೆಯ ಸಾಲಿನ ಅಜ್ಜಿಗೂ ಕೇಳುವಂತೆ ಒದರಬೇಕು, ಕೈ ಎತ್ತಿದರೆ ಬಯಲಿಗೆಲ್ಲ ಕಾಣಬೇಕು. ಹೂವಿನ ಹಡಗಲಿಯಲ್ಲಿ ಎಂ.ಪಿ. ಪ್ರಕಾಶರು ರಂಗಭಾರತಿ ಕಟ್ಟಿದ ಸೀಮೆ ಇದು. ನಾಟಕದ ಗಾಳಿ ಸೋಕದವರು ಕಡಿಮೆ. ಕ್ಯಾಮೆರಾಕ್ಕೆ ಬೇಕಾದದ್ದು ಇದರ ತದ್ವಿರುದ್ಧ. ಪಕ್ಕದಲ್ಲಿ ಕೂತ ಮನುಷ್ಯನಿಗೆ ಹೇಳಿದಂತೆ ಹೇಳಬೇಕು. ಹುಬ್ಬು ಕುಣಿಸಿದರೂ ಅತಿಯಾಗಿ ಕಾಣುತ್ತದೆ. ಆ ಹುಡುಗ ನಿರ್ದೇಶಕ ಕೊನೆಗೊಂದು ಉಪಾಯ ಮಾಡಿದ. ಗಾಜಿನ ಕಣ್ಣು ನೋಡಬೇಡಿ, ಮನೆಯವರನ್ನು ಪಕ್ಕದಲ್ಲಿ ನಿಲ್ಲಿಸುತ್ತೇನೆ, ಅವರಿಗೆ ಹೇಳಿ ಎಂದ. ಮಾತು ತಾನಾಗಿ ಇಳಿಯಿತು. ಮನೆಯವರಿಗೆ ಸುಳ್ಳು ಹೇಳುವುದೂ ಕಷ್ಟ.

ಏಕೆಂದರೆ ಅವರು ಬರೆದುಕೊಂಡು ಬಂದಿದ್ದ ಚೀಟಿಯಲ್ಲಿ, ಪುಡಿ ಹಾಕಿದ ಮೇಲೆ ಇಳುವರಿ ಎರಡು ಪಟ್ಟಾಯಿತು ಎಂದಿತ್ತು. ಅಡಿಕೆ ಬೆಳೆದವರಿಗೆ ಇದರ ಹುಳುಕು ಹೇಳಬೇಕಾಗಿಲ್ಲ. ಹಿಂಗಾರ ಬಿಚ್ಚಿ ಕಾಯಿ ಬಲಿಯಲು ತಿಂಗಳುಗಟ್ಟಲೆ ಬೇಕು. ಇಂದು ಬುಡಕ್ಕೆ ಹಾಕಿದ್ದರ ಫಲ ಬರುವ ವರ್ಷದ ಗೊನೆಯಲ್ಲಿ ಕಂಡರೆ ಕಂಡಿತು. ಕಾಫಿಯದಂತೂ ಇನ್ನೂ ಕಷ್ಟ. ಅರೇಬಿಕಾ ಒಂದು ವರ್ಷ ತುಂಬಿ ಬಂದರೆ ಮರುವರ್ಷ ಬಡವಾಗುವುದು ಗಿಡದ ಗುಣ. ಹೂಮಳೆ ಹೊತ್ತಿಗೆ ಸರಿಯಾಗಿ ಬಿದ್ದರೆ ಬೆಳೆ ಬಂತು, ಇಲ್ಲವಾದರೆ ಇಲ್ಲ. ಬಡ ವರ್ಷದಲ್ಲಿ ಪುಡಿ ಹಾಕಿ, ಒಳ್ಳೆಯ ವರ್ಷದಲ್ಲಿ ಕ್ಯಾಮೆರಾ ಹಿಡಿದರೆ ಬೂದಿಯೂ ಸಂಜೀವಿನಿಯೇ.

ನಾವು ಹೇಳಿದ್ದು ಇಷ್ಟು: ಎರಡು ತಿಂಗಳಿಂದ ಹಾಕುತ್ತಿದ್ದೇವೆ, ಎಲೆಯ ಬಣ್ಣ ಚೆನ್ನಾಗಿದೆ, ಗೊನೆಯ ಮಾತು ಕೊಯ್ಲಿನ ಮೇಲೆ. ಹುಡುಗರು ಮುಖ ಮುಖ ನೋಡಿಕೊಂಡರು. ಆದರೂ ಹಾಗೆಯೇ ಚಿತ್ರಿಸಿಕೊಂಡರು. ಬಿಡುಗಡೆಗೆ ಮುಂಚೆ ತೋರಿಸಬೇಕೆಂದು ಕಾಗದದಲ್ಲಿ ಬರೆಸಿದ್ದೆವಾಗಿ ತೋರಿಸಿದರು. ನೋಡಿದರೆ ಎಲೆಯ ಮಾತು ಇದೆ, ಕೊಯ್ಲಿನ ಮಾತು ಮಾಯ! ಕಾಗದ ಮುಂದಿಟ್ಟು ಕೇಳಿದೆವು. ವಾರದ ಮೇಲೆ ಸೇರಿಸಿ ಕಳಿಸಿದರು. ಕತ್ತರಿ ಯಾವಾಗಲೂ ಅವರ ಕೈಯಲ್ಲೇ ಇರುತ್ತದೆ.

ಇದು ಬರಿಯ ಮರ್ಯಾದೆಯ ಪ್ರಶ್ನೆಯೂ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 21ನೆಯ ಕಲಮಿನ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ ತಯಾರಕನಿಗಷ್ಟೇ ಅಲ್ಲ, ಅದನ್ನು ಅನುಮೋದಿಸಿ ಮಾತಾಡಿದವನಿಗೂ 10 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಮತ್ತೆ ಮಾಡಿದರೆ 50 ಲಕ್ಷದವರೆಗೆ. ಹೇಳಿದ ಮಾತನ್ನು ತಕ್ಕ ಎಚ್ಚರದಿಂದ ಪರಿಶೀಲಿಸಿದ್ದೆನೆಂದು ತೋರಿಸಿದವನಿಗೆ ದಂಡವಿಲ್ಲ. 2022ರ ಜೂನ್ 9ರ ಮಾರ್ಗಸೂಚಿಗಳು ಇನ್ನೂ ಸ್ಪಷ್ಟ: ಅನುಮೋದಿಸುವವನ ಅಭಿಪ್ರಾಯ ಪ್ರಾಮಾಣಿಕವಾಗಿರಬೇಕು, ಆ ಸರಕಿನ ಬಗ್ಗೆ ಸಾಕಷ್ಟು ತಿಳಿವಳಿಕೆ ಇಲ್ಲವೇ ಅನುಭವ ಇರಬೇಕು. ಆದ್ದರಿಂದ ಕೊಂಡ ರಸೀದಿ, ಹಾಕಿದ ದಿನಾಂಕ, ಗೊನೆಯ ತೂಕ ಬರೆದಿಟ್ಟ ಡೈರಿ, ಇವು ಕ್ಯಾಮೆರಾದ ಮುಂದೆ ನಿಲ್ಲುವವನ ಬಳಿ ಇರತಕ್ಕವು.

ಸಹಿ ಮಾಡಿಸಿಕೊಳ್ಳುವ ಕಾಗದ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಓದಿಸಿಕೊಳ್ಳದೆ ಸಹಿ ಬೇಡ. ಚಿತ್ರ ಎಲ್ಲೆಲ್ಲಿ ತೋರಿಸುತ್ತಾರೆ, ಬೇರೆ ಸರಕಿಗೂ ಬಳಸುತ್ತಾರೋ, ಎಷ್ಟು ಕಾಲ ಎಂಬುದನ್ನು ಕೇಳಿ, ಒಂದು ಪ್ರತಿ ಇಟ್ಟುಕೊಳ್ಳಿ. ನಮ್ಮ ಕಾಗದದಲ್ಲಿ ಅವಧಿಯ ಜಾಗ ಖಾಲಿ ಬಿಟ್ಟಿದ್ದರು. ಒಂದು ವರ್ಷವೆಂದು ನಾವೇ ತುಂಬಿದೆವು. ಅದು ಮುಗಿಯುವ ಹೊತ್ತಿಗೆ ಕೊಯ್ಲೂ ಆಗಿರುತ್ತದೆ. ತೂಕವನ್ನು ಇದೇ ಪುಟದಲ್ಲಿ ತಿಳಿಸುತ್ತೇವೆ.