ಅಂಗೈಯೊಳಗಿನ ನಕ್ಷತ್ರಪಟ

ಇರುಳಿನಲ್ಲಿ ಮೊಬೈಲನ್ನು ಆಕಾಶಕ್ಕೆ ಹಿಡಿದೊಡನೆ ಅದರ ಪರದೆಯ ಮೇಲೆ ಮಹಾವ್ಯಾಧ, ರೋಹಿಣಿ, ಗುರುಗ್ರಹ ಮುಂತಾದವು ಹೆಸರುಸಹಿತವಾಗಿ ಮೂಡುವುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಕಂಡಿದ್ದಾರೆ. ೨೦೦೯ರಲ್ಲಿ ಗೂಗಲ್ ಸಂಸ್ಥೆಯವರು ಹೊರತಂದ ‘ಸ್ಕೈ ಮ್ಯಾಪ್’, ಕಂಪ್ಯೂಟರಿನಿಂದ ಮೊಬೈಲಿಗೆ ಇಳಿದುಬಂದ ‘ಸ್ಟೆಲೇರಿಯಂ’ ಮೊದಲಾದ ಆ್ಯಪ್‌ಗಳು ಈ ಕೆಲಸವನ್ನು ಮಾಡುತ್ತವೆ. ಮೊಬೈಲಿನ ಕ್ಯಾಮರವೇ ನಕ್ಷತ್ರಗಳನ್ನು ಕಂಡು ಗುರುತಿಸುತ್ತದೆಂದು ಕೆಲವರು ಭಾವಿಸುವುದುಂಟು. ಆದರೆ ಕ್ಯಾಮರವನ್ನು ಬೆರಳಿನಿಂದ ಮುಚ್ಚಿದರೂ, ಮೋಡ ಕವಿದಿದ್ದರೂ, ನಾವು ಕೊಠಡಿಯೊಳಗೇ ಕುಳಿತಿದ್ದರೂ ಚಿತ್ರವು ಹಾಗೆಯೇ ಮೂಡುತ್ತದೆ. ಅಂದಮೇಲೆ ಅದು ಲೆಕ್ಕ ಹಾಕಿ ಬರೆದ ಆಕಾಶವೇ ಸರಿ. ಆ ಲೆಕ್ಕ ಹೇಗೆ ನಡೆಯುತ್ತದೆ, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ವಿಚಾರಮಾಡೋಣ.

ಭೂಮಿಯ ಮೇಲಿನ ಊರುಗಳಿಗೆ ಅಕ್ಷಾಂಶ ರೇಖಾಂಶಗಳಿರುವಂತೆ ಪ್ರತಿಯೊಂದು ನಕ್ಷತ್ರಕ್ಕೂ ಖಗೋಳದಲ್ಲಿ ನಿರ್ದಿಷ್ಟವಾದ ಸ್ಥಾನವುಂಟು. ಯೂರೋಪಿನವರು ೧೯೮೯ರಲ್ಲಿ ಹಾರಿಸಿದ ಹಿಪಾರ್ಕಸ್ ಉಪಗ್ರಹವು ೧,೧೮,೦೦೦ಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನಗಳನ್ನು ಬಹು ಸೂಕ್ಷ್ಮವಾಗಿ ಅಳೆಯಿತು. ಆ ಪಟ್ಟಿ ೧೯೯೭ರಲ್ಲಿ ಪ್ರಕಟವಾಯಿತು. ಇಂಥ ಪಟ್ಟಿಗಳೇ ಈ ಆ್ಯಪ್‌ಗಳ ಬಂಡವಾಳ.

ಪಟ್ಟಿಯಲ್ಲಿರುವ ಯಾವ ನಕ್ಷತ್ರ ಈ ಕ್ಷಣದಲ್ಲಿ ಎಲ್ಲಿ ಕಾಣುತ್ತದೆಂಬುದು ನೋಡುವವರ ಸ್ಥಳವನ್ನೂ ಕಾಲವನ್ನೂ ಅವಲಂಬಿಸಿದೆ. ಸ್ಥಳವನ್ನು ಜಿ.ಪಿ.ಎಸ್. ಉಪಗ್ರಹಗಳ ಸಂಕೇತಗಳು ತಿಳಿಸುತ್ತವೆ. ಕಾಲವನ್ನು ಮೊಬೈಲಿನ ಗಡಿಯಾರ ಹೇಳುತ್ತದೆ. ಭೂಮಿಯು ಒಂದು ಡಿಗ್ರಿ ತಿರುಗಲು ಸುಮಾರು ೪ ನಿಮಿಷ ಬೇಕು. ಗುಬ್ಬಿಯು ತುಮಕೂರು ನಗರಕ್ಕೆ ಪಶ್ಚಿಮದಲ್ಲಿದ್ದು, ಎರಡರ ರೇಖಾಂಶಗಳ ಅಂತರ ಸುಮಾರು ೦.೧೬ ಡಿಗ್ರಿ. ಆದಕಾರಣ ತುಮಕೂರಿನಲ್ಲಿ ಉದಯಿಸಿದ ನಕ್ಷತ್ರ ಗುಬ್ಬಿಯಲ್ಲಿ ಉದಯಿಸುವುದು ಸುಮಾರು ೪೦ ಸೆಕೆಂಡು ತಡವಾಗಿ. ಕಣ್ಣಿಗೆ ತಿಳಿಯದ ಈ ವ್ಯತ್ಯಾಸವೂ ಆ್ಯಪ್‌ನ ಲೆಕ್ಕದಲ್ಲಿ ಸೇರಿರುತ್ತದೆ.

ಇನ್ನು ಉಳಿದದ್ದು ದಿಕ್ಕು. ಮೊಬೈಲಿನೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಸಿಲಿಕಾನ್ ತುಣುಕೊಂದು ಸ್ಪ್ರಿಂಗಿನಂಥ ತೋಳುಗಳಿಂದ ತೂಗಿಕೊಂಡಿರುತ್ತದೆ. ಮೊಬೈಲನ್ನು ಓರೆಮಾಡಿದಾಗ ಗುರುತ್ವದ ಸೆಳೆತದಿಂದ ಅದು ಕೊಂಚ ಸರಿಯುತ್ತದೆ. ಕೆಳಗು ಯಾವುದು, ಮೇಲು ಯಾವುದು ಎಂಬುದು ಇದರಿಂದ ತಿಳಿಯುತ್ತದೆ. ಉತ್ತರವನ್ನು ತೋರಿಸುವುದಾದರೋ ಭೂಮಿಯ ಕಾಂತಕ್ಷೇತ್ರವನ್ನು ಅಳೆಯುವ ಇನ್ನೊಂದು ಅಂಗ. ಇದೇ ಇಡೀ ವ್ಯವಸ್ಥೆಯ ದುರ್ಬಲ ಕೊಂಡಿ. ಭೂಮಿಯ ಕಾಂತಕ್ಷೇತ್ರ ಅತಿ ಕ್ಷೀಣವಾದುದರಿಂದ, ಬಳಿಯಲ್ಲಿ ಮೋಟಾರು ಸೈಕಲ್ಲೋ, ಮಹಡಿಯ ಕಬ್ಬಿಣದ ಕಂಬಿಯೋ, ಮೊಬೈಲಿನ ಕವಚದಲ್ಲಿ ಪುಟ್ಟ ಅಯಸ್ಕಾಂತವೋ ಇದ್ದರೆ ಉತ್ತರವೇ ಹಲವು ಡಿಗ್ರಿ ಸರಿದುಬಿಡುತ್ತದೆ. ಆಗ ಮೊಬೈಲು ನಕ್ಷತ್ರಕ್ಕೆ ತಪ್ಪು ಹೆಸರನ್ನು ಕೊಡುತ್ತದೆ. ಆ ತಪ್ಪು ಹೆಸರನ್ನೂ ಸರಿಯಾದ ಹೆಸರಿನಷ್ಟೇ ನಿಸ್ಸಂದೇಹವಾಗಿ ಹೇಳುತ್ತದೆ! ಆದಕಾರಣ ಮೊದಲು ಮೊಬೈಲನ್ನು ಚಂದ್ರನತ್ತ ಹಿಡಿದು, ಪರದೆಯ ಚಂದ್ರನೂ ಆಕಾಶದ ಚಂದ್ರನೂ ಒಂದೇ ಕಡೆ ಇರುವುವೇ ಎಂದು ನೋಡಬೇಕು. ಇಲ್ಲವಾದರೆ ಕಬ್ಬಿಣದಿಂದ ದೂರ ಸರಿದು, ಇಂಗ್ಲಿಷಿನ ಎಂಟರ ಅಂಕಿಯ ಆಕಾರದಲ್ಲಿ ಮೊಬೈಲನ್ನು ಕೆಲವು ಸಲ ಆಡಿಸಿದರೆ ದೋಷ ಬಹುಮಟ್ಟಿಗೆ ನೀಗುತ್ತದೆ.

ಲೆಕ್ಕವನ್ನು ನಾವೇ ಪರೀಕ್ಷಿಸಲು ಸುಲಭವಾದ ಒಂದು ಪ್ರಯೋಗವಿದೆ. ಖಗೋಳದ ಉತ್ತರಧ್ರುವ ದಿಗಂತದಿಂದ ಎಷ್ಟು ಎತ್ತರದಲ್ಲಿರುವುದೋ ಅಷ್ಟೇ ನಮ್ಮ ಊರಿನ ಅಕ್ಷಾಂಶ. ಕೋನಮಾಪಕಕ್ಕೆ ಕಲ್ಲು ಕಟ್ಟಿದ ದಾರವನ್ನು ಇಳಿಬಿಟ್ಟು, ಅದರ ಅಂಚಿನ ಗುಂಟ ಧ್ರುವನಕ್ಷತ್ರವನ್ನು ನೋಡಿ ಎತ್ತರವನ್ನು ಅಳೆಯಿರಿ. ತುಮಕೂರಿನಲ್ಲಿ ಅದು ೧೩ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ದಕ್ಷಿಣಕ್ಕೆ ಸುಮಾರು ೩೫ ಕಿಲೋಮೀಟರ್ ದೂರದ ಕುಣಿಗಲ್‌ನಲ್ಲಿ ಕೆರೆಯ ಏರಿಯ ಮೇಲೆ ನಿಂತು ಅಳೆದರೆ? ಎರಡೂ ಊರುಗಳ ಅಕ್ಷಾಂಶದ ಅಂತರ ಸುಮಾರು ೦.೩ ಡಿಗ್ರಿ, ಎಂದರೆ ಚಂದ್ರಬಿಂಬದ ಅರ್ಧಕ್ಕಿಂತ ತುಸು ಹೆಚ್ಚು. ಧ್ರುವನಕ್ಷತ್ರವಾದರೋ ನಿಜವಾದ ಧ್ರುವದಿಂದಲೇ ಸುಮಾರು ೦.೬ ಡಿಗ್ರಿ ದೂರವಿದ್ದು ಅದನ್ನು ಸುತ್ತುತ್ತದೆ. ಆದ್ದರಿಂದ ಈ ಸಾಧನ ಎರಡು ಊರುಗಳನ್ನು ಬೇರ್ಪಡಿಸಲಾರದು. ಸಾಧನದ ಮಿತಿಯನ್ನು ಅರಿಯುವುದೂ ಭೌತವಿಜ್ಞಾನದ ಒಂದು ಪಾಠವೇ.

ಚಂದ್ರನ ವಿಷಯದಲ್ಲಿ ನಮ್ಮ ಮನೆಯ ಪಂಚಾಂಗವೇ ಸಾಕ್ಷಿ. ಸೂರ್ಯನಿಂದ ಚಂದ್ರನು ೧೨ ಡಿಗ್ರಿ ಮುಂದಕ್ಕೆ ಸರಿದರೆ ಒಂದು ತಿಥಿ. ಶುಕ್ಲ ಅಷ್ಟಮಿಯ ನಡುವೆ ಈ ಅಂತರ ೯೦ ಡಿಗ್ರಿಯಾಗಿ ಅರ್ಧಬಿಂಬ ಬೆಳಗುತ್ತದೆ. ಆ್ಯಪ್ ಕೂಡ ಅಂದು ಸುಮಾರು ೫೦ ಪ್ರತಿಶತ ಎಂದೇ ತೋರಿಸಬೇಕು. ಬೆಳಕು ಕತ್ತಲೆಗಳ ಗಡಿಯಲ್ಲಿ ನೆರಳುಗಳು ಉದ್ದವಾಗಿ ಬೀಳುವುದರಿಂದ ಚಂದ್ರನ ಕುಳಿಗಳನ್ನು ಅಲ್ಲಿಯೇ ನೋಡಬೇಕು. ೯೩ ಕಿಲೋಮೀಟರ್ ಅಗಲದ ಕೊಪರ್ನಿಕಸ್ ಕುಳಿಯ ಮೇಲೆ ಸೂರ್ಯನು ಉದಯಿಸುವುದು ದಶಮಿಯ ಸುಮಾರಿಗೆ. ಅಂದು ಬೈನಾಕ್ಯುಲರಿನಲ್ಲಿ ಅದನ್ನು ಹುಡುಕಬಹುದು.

ಕಡೆಯದಾಗಿ ಒಂದು ಎಚ್ಚರಿಕೆ. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ೨೦ರಿಂದ ೩೦ ನಿಮಿಷಗಳು ಬೇಕು. ಬೆಳ್ಳನೆಯ ಪರದೆಯನ್ನು ಕೆಲವೇ ಸೆಕೆಂಡು ನೋಡಿದರೂ ಆ ಗಳಿಕೆ ಕರಗಿಹೋಗುತ್ತದೆ. ಪರದೆಯನ್ನು ಕೆಂಪಾಗಿಸುವ ಸೌಕರ್ಯ ಇಂಥ ಅನೇಕ ಆ್ಯಪ್‌ಗಳಲ್ಲಿದೆ, ಅದನ್ನು ಬಳಸಿರಿ. ಹೆಸರನ್ನು ತಿಳಿದ ಕೂಡಲೆ ಮೊಬೈಲನ್ನು ಜೇಬಿಗಿಟ್ಟು, ಅದೇ ನಕ್ಷತ್ರವನ್ನು ಮರುದಿನ ಅದರ ನೆರವಿಲ್ಲದೆ ಹುಡುಕಿರಿ. ನಿನ್ನೆಗಿಂತ ೪ ನಿಮಿಷ ಮುಂಚೆಯೇ ಅದು ಅದೇ ಜಾಗಕ್ಕೆ ಬಂದಿರುತ್ತದೆ.