ಗ್ರಂಥಸೂಚಿಯಲ್ಲಿ ಕನ್ನಡದ ಹ್ರಸ್ವ-ದೀರ್ಘ ಭೇದ

ಕೋಲ್ಕತ್ತದ ಕೇಂದ್ರೀಯ ಉಲ್ಲೇಖ ಗ್ರಂಥಾಲಯವು 1958ರಿಂದ ಹೊರತರತೊಡಗಿದ ಭಾರತೀಯ ರಾಷ್ಟ್ರೀಯ ಗ್ರಂಥಸೂಚಿಯು ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಗ್ರಂಥಗಳನ್ನು ರೋಮನ್ ಲಿಪಿಯಲ್ಲಿ ದಾಖಲಿಸಿತು. ಅನೇಕರ ಕೈ ಸೇರಿ ಸಿದ್ಧವಾಗುವ ಇಂತಹ ಸೂಚಿಗೆ ಎಲ್ಲರೂ ಪಾಲಿಸುವ ಲಿಪ್ಯಂತರಣ ನಿಯಮವೇ ತಳಹದಿ.

ಸಂಸ್ಕೃತದಲ್ಲಿ ಏ, ಓ ಸದಾ ದೀರ್ಘ. ಆದುದರಿಂದ ಸಂಸ್ಕೃತಕ್ಕೆ ರೂಢವಾದ ಪದ್ಧತಿಯು ಅವಕ್ಕೆ ದೀರ್ಘಚಿಹ್ನೆಯನ್ನು ಬಳಸುವುದಿಲ್ಲ. ಅದನ್ನೇ ಕನ್ನಡಕ್ಕೆ ಅನ್ವಯಿಸಿದರೆ ನೀರಿನ ‘ಕೆರೆ’ಯು ‘ಕೇರೆ’ ಹಾವಾಗುತ್ತದೆ! ‘ಕೊಡು’, ‘ಕೋಡು’ಗಳ ಗತಿಯೂ ಅದೇ. ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯದ ಹೆಸರಿನಿಂದ ಪ್ರಸಿದ್ಧವಾದ ಕ್ರಮವು ದೀರ್ಘಸ್ವರದ ಮೇಲೆ ಅಡ್ಡಗೆರೆಯೆಳೆದು ಈ ಭೇದವನ್ನು ಉಳಿಸುತ್ತದೆ. 2001ರ ಅಂತರರಾಷ್ಟ್ರೀಯ ಮಾನಕ 15919 ಕೂಡ ಕನ್ನಡಕ್ಕೆ ಇದನ್ನೇ ವಿಧಿಸುತ್ತದೆ. ಆದರೆ ಋಕಾರಕ್ಕೆ ಮೊದಲನೆಯದರಲ್ಲಿ ಅಕ್ಷರದ ಕೆಳಗೆ ಚುಕ್ಕೆ, ಎರಡನೆಯದರಲ್ಲಿ ಕಿರುವೃತ್ತ. ‘ಕೃಷ್ಣ’ ಎಂಬ ಹೆಸರಿನ ಲೇಖಕನೊಬ್ಬನು ಇದರಿಂದ ಸೂಚಿಯಲ್ಲಿ ಇಬ್ಬರಾಗಬಹುದು.

2012ರಲ್ಲಿ ಆರಂಭವಾದ ವಿಕಿಡೇಟಾ ಎಂಬ ಮುಕ್ತ ದತ್ತಕೋಶದಲ್ಲಿ ಪ್ರತಿ ನಮೂದಿಗೂ ಪ್ರತ್ಯೇಕ ಗುರುತುಸಂಖ್ಯೆಯಿದೆ. ಕನ್ನಡದ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆದು, ರೋಮನ್ ರೂಪಗಳನ್ನು ಪರ್ಯಾಯ ನಾಮಗಳಾಗಿ ಸೇರಿಸಬಹುದು. ಹಳೆಯ ಸೂಚಿಯಿಂದ ಹಾಗೆ ಸೇರಿಸುವ ಹೊರನಾಡಿನ ಸಂಶೋಧಕರು ಅಡ್ಡಗೆರೆಯನ್ನು ಕೈಬಿಡದೆ, ಸಾಧ್ಯವಾದೆಡೆ ಗ್ರಂಥದ ಶೀರ್ಷಿಕೆಪುಟವನ್ನೇ ನೋಡಿ ಕನ್ನಡ ರೂಪವನ್ನು ನಿರ್ಧರಿಸುವುದು ಯುಕ್ತ.