ಕೊಬ್ಬರಿ ಹರಾಜಿನಿಂದ ಕಲಿಯಬಹುದಾದ ಕೂಡು ಕೆಲಸ

ವ್ಯಾಪಾರ ಮೇಳ, ಖರೀದಿದಾರರ ಸಮಾವೇಶ ಎಂದಕೂಡಲೇ ದೊಡ್ಡ ಸಭಾಂಗಣ, ವೇದಿಕೆ, ಬ್ಯಾನರುಗಳು ಕಣ್ಣಮುಂದೆ ಬರುತ್ತವೆ. ಇವು ಯಾವುವೂ ಇಲ್ಲದೆ ವರ್ಷವಿಡೀ ನಡೆಯುವ ಮೇಳವೊಂದು ತಿಪಟೂರಿನಲ್ಲಿದೆ. ಅದು ಎ.ಪಿ.ಎಂ.ಸಿ. ಪ್ರಾಂಗಣದ ಕೊಬ್ಬರಿ ಹರಾಜು. ಮೇಳ ನಡೆಸಲು ಹೊರಟಿರುವ ಸಮಾಜದ ಯುವಕರು ಇದನ್ನು ಒಮ್ಮೆ ನೋಡಿಬರುವುದು ಒಳ್ಳೆಯದು.

ಹರಾಜಿನ ಕೆಲಸ ಆರಂಭವಾಗುವುದು ತೋಟದ ಮನೆಯಲ್ಲಿ. ತುರುವೇಕೆರೆ, ಚಿಕ್ಕನಾಯಕನಹಳ್ಳಿ, ತಿಪಟೂರು ಸೀಮೆಯ ರೈತರು ಬಲಿತ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಒಣಗಲು ಬಿಡುತ್ತಾರೆ. ಆಮೇಲೆ ಮಟ್ಟೆ ಸುಲಿಯುವವರು, ಚಿಪ್ಪು ಒಡೆದು ಉಂಡೆ ಬಿಡಿಸುವವರು ಬರುತ್ತಾರೆ. ಇವರ ಕೈ ತಪ್ಪಿ ಉಂಡೆ ಒಡೆದರೆ ವರ್ಷದ ಕಾಯುವಿಕೆಯ ಬೆಲೆಯೇ ಇಳಿಯುತ್ತದೆ.

ಮಾಲು ಪ್ರಾಂಗಣಕ್ಕೆ ಬಂದಮೇಲೆ ಲಾಟ್ ನಂಬರ್ ಬೀಳುತ್ತದೆ. ಹಮಾಲರು ಇಳಿಸುತ್ತಾರೆ. ಖರೀದಿದಾರರು ಲಾಟುಗಳನ್ನು ನೋಡಿ ಆನ್‌ಲೈನ್‌ನಲ್ಲಿ ದರ ಬರೆಯುತ್ತಾರೆ. ರೈತ ಒಪ್ಪಿದರೆ ತೂಕ, ಗುಮಾಸ್ತರ ಲೆಕ್ಕ, ಹಣ ಪಾವತಿ. ಒಪ್ಪದಿದ್ದರೆ ಮಾಲು ಹಾಗೆಯೇ ಉಳಿಯುತ್ತದೆ. ಇಲ್ಲಿಂದ ಕೊಬ್ಬರಿ ಉತ್ತರ ಭಾರತದ ಪೇಟೆಗಳಿಗೂ ಹೋಗುತ್ತದೆ. ಅಷ್ಟು ದೂರದ ವರ್ತಕ ಲೋಡು ತರಿಸುವುದು ಇಲ್ಲಿನ ಮಂಡಿಯವರ ಮಾತಿನ ಮೇಲೆ. ಒಬ್ಬರ ಕೆಲಸ ನಿಂತರೂ ಉಳಿದ ಎಲ್ಲರೂ ಕಾಯಬೇಕು.

ಸಂಬಂಧದ ಪರೀಕ್ಷೆ ನಡೆಯುವುದು ಬೆಲೆ ಏರಿಳಿದಾಗ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದರೂ ಪೇಟೆ ಧಾರಣೆ ಅದಕ್ಕಿಂತ ಬಹಳ ಕೆಳಗಿತ್ತು. 2025ರಲ್ಲಿ ಅದೇ ಕೊಬ್ಬರಿ 20,000 ರೂಪಾಯಿ ದಾಟಿತು. ಬೆಲೆ ಬಿದ್ದಾಗ ರೈತನಿಗೆ ಮುಖ ತಿರುಗಿಸಿದ ಮಂಡಿಗೆ ಏರಿದಾಗ ಅವನು ಏಕೆ ಮಾಲು ತರಬೇಕು? ಹಾಗೆಯೇ ಬೆಲೆ ಏರಿತೆಂದು ಸರಿಯಾಗಿ ಒಣಗದ ಮಾಲು ಬೆರೆಸಿದರೆ ದೂರದ ವರ್ತಕ ಮರುಸಲ ಆ ಮಂಡಿಯನ್ನು ನಂಬುವುದಿಲ್ಲ. ಒಂದು ಸಲದ ಲಾಭಕ್ಕೆ ಹತ್ತು ವರ್ಷದ ಗಿರಾಕಿ ಹೋಗುತ್ತಾನೆ.

ಮೇಳ ನಡೆಸುವವರು ಇದರಿಂದ ಮೂರು ವಿಷಯ ತಿಳಿಯಬಹುದು. ಮೊದಲನೆಯದು, ಅಡಿಗೆಯವರು, ಪೆಂಡಾಲಿನವರು, ಸಾಮಾನು ಹೊರುವವರನ್ನು ಕೊನೆಯ ದಿನ ಕರೆಯದೆ ಮೊದಲ ಸಭೆಗೇ ಕರೆದು ಕೂರಿಸಬೇಕು. ಅವರಿಗೆ ಗೊತ್ತಿರುವ ತೊಡಕು ಸಮಿತಿಯವರಿಗೆ ಗೊತ್ತಿರುವುದಿಲ್ಲ. ಎರಡನೆಯದು, ಯಾವ ಕೆಲಸ ಯಾರದು ಎಂದು ಬರೆದು ಹಂಚಬೇಕು. ಎಲ್ಲರದೂ ಆದ ಕೆಲಸ ಯಾರದೂ ಆಗದೆ ಉಳಿಯುತ್ತದೆ. ಮೂರನೆಯದು, ಕೂಲಿಯವರ ಹಣವನ್ನು ಅಂದು ಸಂಜೆಯೇ ಕೊಡಬೇಕು. ದೊಡ್ಡವರ ಬಿಲ್ಲು ನಾಲ್ಕು ದಿನ ತಡೆಯುತ್ತದೆ, ದಿನಗೂಲಿಯವರ ಮನೆಯ ಒಲೆ ತಡೆಯುವುದಿಲ್ಲ.

ಮೇಳ ಮುಗಿದಮೇಲೆ ಬಂದವರಿಗೆಲ್ಲ ಒಂದು ಫೋನು ಮಾಡಿ ಕುಂದುಕೊರತೆ ಕೇಳುವುದನ್ನೂ ಮರೆಯಬಾರದು. ಮುಂದಿನ ಮೇಳ ಅಲ್ಲಿಂದಲೇ ಶುರುವಾಗುತ್ತದೆ.